ಹನ್ನೊಂದು ರಾತ್ರಿ ಇಲಿಗಳಿಗೆ ಊಟ ಹಾಕಿದ ಮೇಲೆ

ಹೋದ ಚಳಿಗಾಲದಲ್ಲಿ ಬೋನಿಟ್ಟು ನಮ್ಮ ತೋಟದಿಂದ 17 ಇಲಿ ತೆಗೆದೆ. ಹದಿನೆಂಟೂ ಇರಬಹುದು, ಒಂದನ್ನು ಬೆಕ್ಕು ಎಳೆದುಕೊಂಡು ಹೋಗಿದ್ದರಿಂದ ಲೆಕ್ಕ ತಪ್ಪಿತು. ಹಿಡಿದದ್ದು ಎಲ್ಲ ಸೇರಿ ಐದೇ ರಾತ್ರಿಯಲ್ಲಿ. "ಬೋನಿಗೆ ಬೀಳೋ ಜಾತಿ ಅಲ್ಲ ಅವು, ಪಾಷಾಣ ಇಡು" ಎಂದು ಬುದ್ಧಿ ಹೇಳಿದವರಿಗೆಲ್ಲ ಇದನ್ನು ಓದಿಸಬೇಕು ಅಂತಲೇ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ ಎರಡು ಚಳಿಗಾಲ ಸೋತದ್ದು ನಾನೇ. ಕ್ಯಾರೆಟ್ ಪಾತಿಯಲ್ಲಿ ಸೊಪ್ಪು ಹಸಿರಾಗಿ ನಿಂತಿರುತ್ತಿತ್ತು. ಹಿಡಿದು ಎಳೆದರೆ ಕೈಗೆ ಬರುತ್ತಿದ್ದದ್ದು ಸೊಪ್ಪು, ಅದರ ಬುಡಕ್ಕೆ ಕಾಸಿನಗಲದ ಒಂದು ಬಿಲ್ಲೆ. ಕೆಳಗೆ ಗೆಡ್ಡೆ ಇರಬೇಕಾದ ಜಾಗದಲ್ಲಿ ಗೆಡ್ಡೆಯದೇ ಆಕಾರದ ತೂತು. ಬಿತ್ತಿದ ಬಟಾಣಿಯಂತೂ ಮೊಳಕೆಯನ್ನೇ ಕಾಣಲಿಲ್ಲ.

ದುಡ್ಡು ಸುರಿದದ್ದನ್ನೂ ಹೇಳಬೇಕು. ಆ ವರ್ಷ ಬೀಜಕ್ಕೆ ಹಾಕಿದ್ದರ ಮೂರು ಪಟ್ಟು ಇಲಿಗೆ ಹಾಕಿದ್ದೆ. ಮೊದಲು ಜಿಂಕ್ ಫಾಸ್ಫೈಡ್ ಅನ್ನುವ ಇಲಿ ಪಾಷಾಣ. ಎರಡು ಸತ್ತವು. ಸ್ವಲ್ಪವೇ ತಿಂದು ಹೊಟ್ಟೆ ಕೆಟ್ಟು ಬದುಕಿಕೊಂಡವು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಆಮೇಲೆ ಬ್ರೋಮಡಿಯೋಲೋನ್ ಬಿಲ್ಲೆ. ಅದು ನಿಧಾನಕ್ಕೆ ಕೊಲ್ಲುವ ವಿಷ, ತಿಂದದ್ದು ಸಾಯಲು ಮೂರ್ನಾಲ್ಕು ದಿನವಾದರೂ ಬೇಕು. ಅಷ್ಟರಲ್ಲಿ ಅದು ಎಲ್ಲೆಲ್ಲಿ ಓಡಾಡುತ್ತದೋ, ಯಾರ ಬಾಯಿಗೆ ಬೀಳುತ್ತದೋ. ಬೇಲಿ ಕಂಬದ ಮೇಲೆ ದಿನಾ ಬಂದು ಕೂರುತ್ತಿದ್ದ ಗೂಬೆ ಆ ತಿಂಗಳಿಂದ ಕಾಣಲಿಲ್ಲ. ಕಾರಣ ಇದೇ ಅಂತ ಆಣೆ ಮಾಡಲಾರೆ, ಆದರೆ ಆ ಡಬ್ಬಿ ಮತ್ತೆ ಮುಟ್ಟಲಿಲ್ಲ.

ಶಬ್ದ ಮಾಡಿ ಓಡಿಸುವ ಯಂತ್ರವನ್ನೂ ತಂದೆ. ಮೊದಲ ಎರಡು ದಿನ ತೋಟದಲ್ಲಿ ಇಲಿಯ ಸುಳಿವೇ ಇಲ್ಲ. ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ವಾರ ಕಳೆಯುವುದರೊಳಗೆ ಅದರ ವೈರನ್ನೇ ಕಡಿದು ಹಾಕಿದ್ದವು. ಇಲಿ ಓಡಿಸಲು ತಂದ ಪುದೀನಾ ಎಣ್ಣೆಯ ಕಥೆ ಬರೆಯುವಷ್ಟೂ ಬೆಲೆಯಿಲ್ಲದ್ದು.

ತಪ್ಪು ಎಲ್ಲಿ ಅಂತ ಗೊತ್ತಾದದ್ದು ಗೋಧಿ ಹಿಟ್ಟಿನಿಂದ. ಸ್ಪ್ರಿಂಗ್ ಬಡಿದು ಕೊಲ್ಲುವ ಹೊಸ ಬೋನಿನ ಸುತ್ತ ಒಂದು ಗೇಣು ಅಗಲ ಹಿಟ್ಟು ಜರಡಿ ಹಿಡಿದು ಬೆಳಿಗ್ಗೆ ನೋಡಿದೆ. ಹೆಜ್ಜೆ ಬೋನಿನವರೆಗೆ ಬಂದು, ಸರಿಯಾಗಿ ಒಂದು ಅಂಗೈ ದೂರದಲ್ಲಿ ಬಳಸಿಕೊಂಡು, ಮತ್ತೆ ಗೋಡೆ ಹಿಡಿದು ಹೋಗಿತ್ತು. ಬಾಲ ಎಳೆದ ಗೆರೆಯೂ ಹಾಗೇ ಬಾಗಿತ್ತು. ಹೊಸ ವಸ್ತು ಅಂದರೆ ಇಲಿಗೆ ಅಷ್ಟು ಅನುಮಾನ. ನಾನೋ, ತಂದ ದಿನವೇ ಸ್ಪ್ರಿಂಗ್ ಎಳೆದು ಇಡುತ್ತಿದ್ದೆ.

ಹಾಗಾಗಿ ಮೂರನೇ ಚಳಿಗಾಲ 14 ಬೋನು ತಂದು, ಒಂದನ್ನೂ ಎಳೆಯದೆ, ಬರೀ ತಿಂಡಿ ಮೆತ್ತಿ 11 ರಾತ್ರಿ ಬಿಟ್ಟೆ. ಪಕ್ಕದ ತೋಟದ ಹಿರಿಯರು ಬೇಲಿಯಾಚೆಯಿಂದ ದಿನಾ ವಿಚಾರಿಸುತ್ತಿದ್ದರು: "ಏನಪ್ಪಾ, ಅನ್ನಛತ್ರ ಹೇಗೆ ನಡೀತಿದೆ?" ಮೊದಲ ಮೂರು ದಿನ ತಿಂಡಿ ಹಾಗೇ ಇತ್ತು. ಐದನೇ ದಿನ ಅರ್ಧ ಬೋನು ನೆಕ್ಕಿದ್ದವು. ಎಂಟನೆಯ ದಿನದಿಂದ ಎಲ್ಲವೂ ಸಾಫು.

ಬೋನು ಎಲ್ಲಿಡಬೇಕು ಅನ್ನುವುದಕ್ಕೆ ಹಳೇ ಪತ್ರಿಕೆ ಸಾಕು. ತೋಟದಲ್ಲಿ ಸುಮಾರು 23 ಬಿಲ ಎಣಿಸಿದ್ದೆ. ಎಲ್ಲಕ್ಕೂ ಕಾಗದ ಮುದುರಿ ಸಡಿಲವಾಗಿ ತುರುಕಿದೆ. ಎರಡು ದಿನದಲ್ಲಿ ಕಾಗದ ಹೊರಗೆ ಬಿದ್ದದ್ದು ಒಂಬತ್ತಕ್ಕೆ ಮಾತ್ರ. ಉಳಿದವು ಹಳೇ ಖಾಲಿ ಮನೆಗಳು. ಚಳಿಗಾಲದಲ್ಲಿ ಕಳೆ ಒಣಗಿ ಬಿದ್ದಿರುವುದರಿಂದ ಇಲಿ ಓಡಾಡುವ ದಾರಿಯೂ ಬರಿಗಣ್ಣಿಗೆ ಕಾಣುತ್ತದೆ. ಹಣ್ಣು ಉದುರುವ ಕಾಲವಲ್ಲ, ಹೊಟ್ಟೆ ಹಸಿದಿರುತ್ತದೆ. ಚಳಿಗೆ ಮರಿ ಹಾಕುವುದೂ ಕಡಿಮೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಕಾಲವಿಲ್ಲ. ಬೆಚ್ಚಗಾದ ಮೇಲೆ ಮೂರು ವಾರಕ್ಕೆ ಬಸಿರು ಮುಗಿಸುವ ಪ್ರಾಣಿಯ ಹಿಂದೆ ಓಡಿ ಗೆಲ್ಲಲಾಗದು.

ಹನ್ನೆರಡನೇ ಸಂಜೆ ಹದಿನಾಲ್ಕನ್ನೂ ಒಟ್ಟಿಗೇ ಎಳೆದಿಟ್ಟೆ. ಬೆಳಿಗ್ಗೆ ಒಂಬತ್ತು ಬಿದ್ದಿದ್ದವು. ಮಾರನೇ ರಾತ್ರಿ ನಾಲ್ಕೋ ಐದೋ, ಆಮೇಲೆ ಒಂದೊಂದು. ಹಕ್ಕಿ ಸಿಕ್ಕದಿರಲಿ ಅಂತ ಪ್ರತಿ ಬೋನಿಗೂ ಹಲಗೆಯ ಗೂಡು ಹೊಡೆದಿದ್ದೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದ ಆರು ಬೋನು ಮಾತ್ರ ದಂಡ. ಸ್ಪ್ರಿಂಗ್ ಮೆತ್ತಗೆ, ಒಂದು ಇಲಿ ಬೋನಿನ ಸಮೇತ ಬಿಲಕ್ಕೆ ಇಳಿಯಿತು. ಆಮೇಲೆ ತಂತಿ ಹಾಕಿ ಗೂಟಕ್ಕೆ ಕಟ್ಟಿದೆ.

ತಿಂಡಿ ಏನು ಅಂತ ಕೇಳುತ್ತೀರಿ. ಪೀನಟ್ ಬಟರ್ ಅಂದುಕೊಳ್ಳಿ, ಅದು ಎಲ್ಲರಿಗೂ ಗೊತ್ತಿರುವುದೇ. ಅದರ ಜೊತೆ ಬೆರೆಸಿದ್ದು ಇನ್ನೊಂದಿದೆ, ಹಲಗೆಗೆ ಸವರಿದ್ದೂ ಒಂದಿದೆ. ಅವೆರಡನ್ನೂ ಸದ್ಯಕ್ಕೆ ನಾನೇ ಇಟ್ಟುಕೊಳ್ಳುತ್ತೇನೆ. ಹತ್ತಿಯ ಉಂಡೆಯನ್ನು ಬೋನಿಗೆ ದಾರದಿಂದ ಕಟ್ಟಿಯೂ ನೋಡಿದೆ, ಗೂಡಿಗೆ ಒಯ್ಯಲು ಎಳೆಯಲಿ ಅಂತ. ಎರಡು ಬಿದ್ದವು, ಎರಡೂ ಹೆಣ್ಣು. ಇದನ್ನು ಮುಂದಿನ ಚಳಿಗೆ ಸರಿಯಾಗಿ ಪರೀಕ್ಷೆ ಮಾಡಬೇಕು.

ಕಾಂಪೋಸ್ಟ್ ರಾಶಿಯನ್ನು ಮುಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಹಿಂದಿನ ವರ್ಷ ಮೊದಲು ರಾಶಿ ಕೆದಕಿ, ಇಲಿಗಳೆಲ್ಲ ಚದುರಿ ಸಾಮಾನು ಕೊಟ್ಟಿಗೆ ಸೇರಿದ್ದವು, ಅದರ ಪಾಠ ಇದು. ಈ ಸಲ ಕೈಗವಸು ಹಾಕಿ ತೆರೆದಾಗ ನಡುವೆ ಒಂದು ಗೂಡು. ಗೊಬ್ಬರದ ಚೀಲವನ್ನೇ ದಾರದಂತೆ ಸೀಳಿ ಹೆಣೆದದ್ದು, ಯಾರೂ ಇರಲಿಲ್ಲ. ರಾಶಿ ತಿರುವಿ, ನೀರು ಹಾಕಿ ಒದ್ದೆ ಮಾಡಿ, ಅಡಿಗೆ 12 ಮಿಲಿಮೀಟರ್ ಕಣ್ಣಿನ ಕಬ್ಬಿಣದ ಜಾಲರಿ ಹಾಸಿದೆ. ಕೋಳಿ ಜಾಲರಿ ಇದಕ್ಕೆ ನಡೆಯದು. ಜಾಲರಿಯ ಖರ್ಚು ಬೋನುಗಳ ಎರಡರಷ್ಟಾಯಿತು, ಆದರೆ ಒಂದು ಸಲದ ಖರ್ಚು.

ಪಕ್ಕದ ಹಿರಿಯರು ಹೋದ ವಾರ ಎಂಟು ಬೋನು ಕೇಳಿ ಒಯ್ದರು. ಹತ್ತು ದಿನವಾದರೂ ಎಳೆಯಬೇಡಿ ಅಂತ ಎರಡು ಸಲ ಹೇಳಿ ಕಳಿಸಿದ್ದೆ. ಮೂರನೇ ರಾತ್ರಿಯೇ ಎಳೆದಿಟ್ಟರಂತೆ. ಒಂದೇ ಒಂದು ಬಿತ್ತು, ಆಮೇಲೆ ಯಾವುದೂ ಹತ್ತಿರ ಬರುತ್ತಿಲ್ಲವಂತೆ. ನಿನ್ನೆ ಬೇಲಿ ಹತ್ತಿರ ಬಂದು, "ಆ ಹಲಗೆಗೆ ಏನೋ ಸವರ್ತೀಯಲ್ಲ, ಅದೇನು?" ಅಂತ ಕೇಳಿದರು.