ಪ್ರೀತಿಯ ಹೆಸರಲ್ಲಿ ದುಡ್ಡು ಹೋದರೆ: ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ

ಕಳೆದ ಒಂದು ವರ್ಷದಲ್ಲಿ ಮೂರು ಜನ ನನ್ನ ಹತ್ತಿರ ಬಂದು ಒಂದೇ ಕಥೆ ಹೇಳಿದ್ದಾರೆ. ಮೂವರೂ ಬ್ರಿಟನ್‌ಗೆ ಬಂದು ಎರಡು ವರ್ಷ ಆಗಿಲ್ಲ. ಮೂವರೂ ನಾನು ಮಾಡಿದ ತಪ್ಪನ್ನೇ ಮಾಡಿದ್ದಾರೆ.

ಆನ್‌ಲೈನ್‌ನಲ್ಲಿ ಪ್ರೀತಿಯ ನಾಟಕ ಆಡಿ ದುಡ್ಡು ಕೀಳುವವರು ಫೋಟೋ ಕದ್ದಿರುತ್ತಾರೆ, ವಿಡಿಯೋ ಕಾಲ್‌ಗೆ ಬರುವುದಿಲ್ಲ, ಇವೆಲ್ಲ ನಿಮಗೆ ಗೊತ್ತಿರುವುದೇ. ನನಗೂ ಗೊತ್ತಿತ್ತು. ಆದರೆ ನನಗೆ ಮೋಸ ಮಾಡಿದವನು ಕನ್ನಡದಲ್ಲಿ ಮೆಸೇಜ್ ಮಾಡುತ್ತಿದ್ದ. ಹಾಸನದ ಕಡೆಯವನು, ದುಬೈನಲ್ಲಿ ಎಂಜಿನಿಯರ್ ಅಂತ ಹೇಳಿಕೊಂಡಿದ್ದ. ಲೆಸ್ಟರ್‌ನ ಚಳಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವಾಗ "ಏನಾದ್ರೂ ತಿಂದ್ರಾ?" ಅಂತ ಒಂದು ಸಾಲು ಬಂದರೆ ಸಾಕು, ಮನಸ್ಸು ಕರಗುತ್ತದೆ. ಒಂದು ದಿನ "ನಾನು ನಿಮ್ಮನ್ನು ತುಂಬಾ ಕಳೆದುಕೊಳ್ಳುತ್ತಿದ್ದೇನೆ" ಅಂತ ಬರೆದ. 'ಮಿಸ್ ಯೂ' ಅನ್ನುವುದನ್ನು ಅನುವಾದದ ಆ್ಯಪ್‌ಗೆ ಹಾಕಿದರೆ ಹೀಗೆ ಬರುತ್ತದೆ. ಹಾಸನದವರು ಯಾರಾದರೂ ಹಾಗೆ ಬರೆಯುತ್ತಾರಾ? ಏನೋ ಸರಿಯಿಲ್ಲ ಅನ್ನಿಸಿತು. ಆದರೂ ಸುಮ್ಮನಾದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ 2024ರ ಅಕ್ಟೋಬರ್ 7ರಿಂದ ಒಂದು ಒಳ್ಳೆಯ ನಿಯಮ ಇದೆ. ಮೋಸ ಹೋಗಿ ನೀವೇ ಕೈಯಾರೆ ಕಳಿಸಿದ ದುಡ್ಡನ್ನೂ ಬ್ಯಾಂಕ್ ವಾಪಸ್ ಕೊಡಬೇಕು, 85,000 ಪೌಂಡ್‌ವರೆಗೆ. ಕೊನೆಯ ಸಲ ಕಳಿಸಿ 13 ತಿಂಗಳೊಳಗೆ ಕೇಳಬೇಕು. 100 ಪೌಂಡ್‌ವರೆಗೆ ಅವರು ಹಿಡಿದುಕೊಳ್ಳಬಹುದು, ತೀರಾ ಬೇಜವಾಬ್ದಾರಿ ಅಂತ ಸಾಬೀತು ಮಾಡಿದರೆ ಪೂರ್ತಿ ನಿರಾಕರಿಸಲೂಬಹುದು. ಆದರೆ ಇದು ಬ್ರಿಟನ್ ಒಳಗೆ, ಖಾತೆಯಿಂದ ಖಾತೆಗೆ ಹೋದ ಪೌಂಡ್‌ಗೆ ಮಾತ್ರ. ಹೊರದೇಶಕ್ಕೆ ಹೋಗಿದ್ದಕ್ಕಿಲ್ಲ, ಕ್ರಿಪ್ಟೋಗಿಲ್ಲ, ನಗದಿಗಿಲ್ಲ.

ನಾವು ಬೀಳುವುದು ಇಲ್ಲೇ. ನಾವು ಪ್ರತಿ ತಿಂಗಳು ಊರಿಗೆ ದುಡ್ಡು ಕಳಿಸುವವರು. ಕೈಗೆ ದುಡ್ಡು ಕಳಿಸುವ ಆ್ಯಪ್ ರೂಢಿಯಾಗಿದೆ. ಅವನು "ತಂಗಿಗೆ ಆಪರೇಷನ್, ದೆಹಲಿಯ ಈ ಖಾತೆಗೆ ಹಾಕಿ, ರೇಟ್ ಚೆನ್ನಾಗಿ ಸಿಗುತ್ತೆ" ಅಂದ. ಯಾಕೆ ಕಳಿಸುತ್ತಿದ್ದೀರಿ ಅಂತ ಆ್ಯಪ್ ಕೇಳಿದಾಗ ಅವನು ಹೇಳಿಕೊಟ್ಟಂತೆ 'ಕುಟುಂಬದ ಖರ್ಚು' ಅಂತ ಒತ್ತಿದೆ. ಮೂರು ಸಲ, ಒಟ್ಟು 4,200 ಪೌಂಡ್. ಆಮೇಲೆ ಕೇಳಿದರೆ ಬ್ಯಾಂಕಿನವರು, ನಮ್ಮಿಂದ ಆ್ಯಪ್‌ಗೆ ಹೋಗಿದ್ದು ಸರಿಯಾಗಿಯೇ ಹೋಗಿದೆ ಅಂದರು. ಆ್ಯಪ್‌ನವರು, ಹೊರದೇಶಕ್ಕೆ ಹೋಗಿದ್ದಕ್ಕೆ ನಿಯಮ ಇಲ್ಲ ಅಂದರು. ಅದೇ ದುಡ್ಡು ಇಲ್ಲಿನ ಯಾವುದೋ ಖಾತೆಗೆ ಹೋಗಿದ್ದರೆ ಬಹುಶಃ ಜಾಸ್ತಿ ಭಾಗ ವಾಪಸ್ ಬರುತ್ತಿತ್ತು. ಹಾಗಾಗಿ ಮುಖ ನೋಡದವರಿಗೆ ಆ ಆ್ಯಪ್‌ನಿಂದ ಒಂದು ಪೌಂಡ್ ಕೂಡ ಕಳಿಸಬೇಡಿ. ದುಡ್ಡಿನ ಕಾರಣ ಸುಳ್ಳು ಹೇಳು ಅಂತ ಯಾರಾದರೂ ಅಂದರೆ ಅಲ್ಲಿಗೇ ನಿಲ್ಲಿಸಿ. ಸುಳ್ಳು ಹೇಳಿದ್ದು ನಿಮ್ಮ ದೂರನ್ನೇ ದುರ್ಬಲ ಮಾಡುತ್ತದೆ.

ಕಳಿಸಿಬಿಟ್ಟಿದ್ದರೆ ಮೊದಲು ಬ್ಯಾಂಕ್. 159ಕ್ಕೆ ಕರೆ ಮಾಡಿದರೆ ಹೆಚ್ಚಿನ ದೊಡ್ಡ ಬ್ಯಾಂಕುಗಳಿಗೆ ನೇರ ಸಿಗುತ್ತದೆ. ಆ್ಯಪ್‌ನಿಂದ ಹೋಗಿದ್ದರೆ ಅವರಿಗೂ ತಕ್ಷಣ ಹೇಳಿ. ಆಮೇಲೆ ಪೊಲೀಸ್ ದೂರು, 0300 123 2040. ಸ್ಕಾಟ್ಲೆಂಡ್‌ನಲ್ಲಿದ್ದರೆ 101. ಭಾರತದ ಖಾತೆಗೆ ಹೋಗಿದ್ದರೆ ಊರಿನಲ್ಲಿರುವ ಯಾರಿಂದಾದರೂ ಅಲ್ಲಿನ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಅದೂ ಆ ಗಂಟೆಯಲ್ಲೇ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವುದಕ್ಕೆ ನಮ್ಮ 1930 ಇಲ್ಲಿನದಕ್ಕಿಂತ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ದುಡ್ಡು ತುಂಬಿಕೊಡುವುದರಲ್ಲಿ ಮಾತ್ರ ಬ್ರಿಟನ್ ತುಂಬಾ ಮುಂದಿದೆ. ನಾನು ನಾಚಿಕೆಯಿಂದ ಅಣ್ಣನಿಗೆ ಹನ್ನೊಂದು ದಿನ ಹೇಳಲಿಲ್ಲ. ಹೇಳಿದಾಗ ಅವನು ಒಂದು ಮಾತೂ ಬೈಯಲಿಲ್ಲ, ಆದರೆ ಅಷ್ಟರಲ್ಲಿ ದೆಹಲಿಯ ಆ ಖಾತೆ ಖಾಲಿ.

ಬ್ಯಾಂಕ್ ಇಲ್ಲ ಅಂದರೆ, ಅಥವಾ ಎಂಟು ವಾರ ಉತ್ತರವೇ ಕೊಡದಿದ್ದರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ಹೋಗಿ. ಉತ್ತರ ಬಂದ ಮೇಲೆ ಆರು ತಿಂಗಳು ಟೈಮ್ ಇರುತ್ತದೆ. ಫೀಸ್ ಇಲ್ಲ, ಲಾಯರ್ ಬೇಡ. ಹೊರದೇಶಕ್ಕೆ ಹೋದ ದುಡ್ಡಿನ ವಿಷಯದಲ್ಲೂ, ಬ್ಯಾಂಕ್ ಅನುಮಾನ ಪಡಬೇಕಿತ್ತಾ ಅಂತ ಅವರು ನೋಡುತ್ತಾರೆ. ಚಾಟ್ ಅಳಿಸಬೇಡಿ. ನಾನು ಸಿಟ್ಟಿನಲ್ಲಿ ಅರ್ಧ ಅಳಿಸಿಬಿಟ್ಟಿದ್ದೆ.

ಇನ್ನೊಂದು. ಕೆಲವು ವಾರ ಬಿಟ್ಟು ಯಾರೋ ಕರೆ ಮಾಡಿ "ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು 300 ಪೌಂಡ್ ಕಟ್ಟಿ" ಅನ್ನುತ್ತಾರೆ. ಹೆಸರು, ಮೊತ್ತ, ತಾರೀಕು ಎಲ್ಲಾ ಸರಿಯಾಗಿ ಹೇಳುತ್ತಾರೆ, ಯಾಕೆಂದರೆ ಅದೇ ಗ್ಯಾಂಗ್ ಅಥವಾ ಅವರಿಂದ ಪಟ್ಟಿ ಕೊಂಡವರು. ಬಂದ ಮೂವರಲ್ಲಿ ಒಬ್ಬಳು ಅದನ್ನೂ ಕಟ್ಟಿದ್ದಳು.