ಧಾರಾವಾಹಿಗಾಗಿ ಏರ್ ಆಂಬ್ಯುಲೆನ್ಸ್ ಕಟ್ಟಿದ ನನ್ನ ಅನುಭವ

ಏರ್ ಆಂಬ್ಯುಲೆನ್ಸ್ ಸಿಬ್ಬಂದಿ ನಿಜವಾಗಿ ಕೆಲಸ ಮಾಡುವ ರೀತಿಯಲ್ಲೇ ದೃಶ್ಯ ತೆಗೆದರೆ ಅದು ಸಪ್ಪೆಯಾಗುತ್ತದೆ, ಸಂಜೆಯ ಧಾರಾವಾಹಿಗೆ ಒಗ್ಗುವುದಿಲ್ಲ ಎಂದು ವಾಹಿನಿಯವರಿಂದ ಹಿಡಿದು ನಮ್ಮ ಸಂಕಲನಕಾರರವರೆಗೆ ಎಲ್ಲರೂ ನನಗೆ ಹೇಳಿದ್ದರು. ಆ ಸಂಚಿಕೆಗಳು ಪ್ರಸಾರವಾದ ವಾರ ನಮ್ಮ ಟಿಆರ್‌ಪಿ ಇಳಿಯುವ ಬದಲು ಸ್ವಲ್ಪ ಏರಿತು. ಅದಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು, ರೋಗಿಗಳನ್ನು ವಿಮಾನದಲ್ಲಿ ಸಾಗಿಸುವುದನ್ನೇ ವೃತ್ತಿಯಾಗಿಸಿಕೊಂಡ ಇಬ್ಬರು ವೈದ್ಯರು ಫೋನ್ ಮಾಡಿ, ಯಾವ ವಿಮಾನದೊಳಗೆ ಚಿತ್ರೀಕರಿಸಿದಿರಿ ಎಂದು ಕೇಳಿದ್ದು. ನಾವು ಚಿತ್ರೀಕರಿಸಿದ್ದು ಕೆಂಗೇರಿಯಾಚೆಯ ಒಂದು ಶೆಡ್ಡಿನಲ್ಲಿ, ಪ್ಲೈವುಡ್ಡಿನ ಕ್ಯಾಬಿನ್ನಿನೊಳಗೆ. ಅದನ್ನು ಹೇಗೆ ಸಾಧಿಸಿದೆವು, ಎಷ್ಟು ಖರ್ಚಾಯಿತು ಎಂಬುದನ್ನು ಇದೇ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಧಾರಾವಾಹಿಗಳಲ್ಲಿ ಏರ್ ಆಂಬ್ಯುಲೆನ್ಸ್ ಎಂದರೆ ಆಸ್ಪತ್ರೆಯ ತಾರಸಿಗೆ ಇಳಿಯುವ ಹೆಲಿಕಾಪ್ಟರ್, ಓಡಿಬರುವ ಬಿಳಿ ಕೋಟುಗಳು ಮತ್ತು ಹಾರಾಡುವ ಸೆರಗು. ಭಾರತದಲ್ಲಿ ಹೆಲಿಕಾಪ್ಟರ್ ಸೇವೆ ಇಲ್ಲವೆಂದಲ್ಲ. ಋಷಿಕೇಶದ ಏಮ್ಸ್‌ನಲ್ಲಿ 2024ರಲ್ಲಿ ಅಂಥ ಸೇವೆ ಆರಂಭವಾಗಿದೆ. ಆದರೆ ಊರಿಂದೂರಿಗೆ ರೋಗಿಯನ್ನು ಸಾಗಿಸುವ ಕೆಲಸದ ಬಹುಪಾಲು ನಡೆಯುವುದು ಕಿಂಗ್ ಏರ್ ಸಿ90ಯಂಥ ಸಣ್ಣ ವಿಮಾನಗಳಲ್ಲಿ, ಒಂದು ಐಸಿಯುವಿನ ಹಾಸಿಗೆಯಿಂದ ಇನ್ನೊಂದು ಐಸಿಯುವಿನ ಹಾಸಿಗೆಗೆ. ವಿದೇಶಿ ಧಾರಾವಾಹಿಗಳಲ್ಲೂ ಇದೇ ಗೊಂದಲವಿದೆ. ಅಮೆರಿಕದ ‘ಇಆರ್’ನಲ್ಲಿ ಡಾ. ರೊಮಾನೊ ಎಂಬ ಪಾತ್ರದ ತೋಳನ್ನು ಹೆಲಿಕಾಪ್ಟರಿನ ಬಾಲದ ರೆಕ್ಕೆ ಕತ್ತರಿಸುತ್ತದೆ. ಅದೇ ಧಾರಾವಾಹಿಯ ಮುಂದಿನ ಸೀಸನ್‌ನಲ್ಲಿ ಅದೇ ವೈದ್ಯನ ಮೇಲೆ ಹೆಲಿಕಾಪ್ಟರೇ ಬೀಳುತ್ತದೆ. ಇದಕ್ಕೆ ಎದುರಾಗಿ, 1928ರಲ್ಲಿ ಆರಂಭವಾದ ಆಸ್ಟ್ರೇಲಿಯಾದ ಹಾರುವ ವೈದ್ಯರ ಸೇವೆಯನ್ನು ಆಧರಿಸಿ 2021ರಲ್ಲಿ ಬಂದ ‘ಆರ್‌ಎಫ್‌ಡಿಎಸ್’ ಸರಣಿಯಲ್ಲಿ ದೂರವೇ ಮುಖ್ಯ ಪಾತ್ರ. ಊರು ದೂರವಿದೆ, ಸಹಾಯ ತಲುಪಲು ಹೊತ್ತು ಹಿಡಿಯುತ್ತದೆ ಎಂಬ ಒಂದೇ ಸಂಗತಿಯಿಂದ ಅಲ್ಲಿ ಉದ್ವೇಗ ಹುಟ್ಟುತ್ತದೆ. ನನಗೆ ಬೇಕಾಗಿದ್ದದ್ದು ಅದು. ಕಲಬುರಗಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹತ್ತು ಗಂಟೆ, ಸಣ್ಣ ವಿಮಾನದಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಆ ಅಂತರದೊಳಗೆ ನಮ್ಮ ಕಥೆ ಕೂಡುತ್ತಿತ್ತು.

ಹಣದ ವಿಷಯಕ್ಕೆ ಬರುತ್ತೇನೆ. ಒಂದು ಸಂಚಿಕೆಗೆ ನಮ್ಮ ಕೈಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ ಎರಡು ಲಕ್ಷ. ವಾಹಿನಿಯ ಆಸೆಯಂತೆ ಮೊದಲು ಹೆಲಿಕಾಪ್ಟರ್ ವಿಚಾರಿಸಿದಾಗ ಗಂಟೆಗೆ ಒಂದೂವರೆ ಲಕ್ಷ ಎಂದರು. ಇಳಿಯುವ ಜಾಗದ ಅನುಮತಿ, ಕಾಯುವ ಹೊತ್ತಿನ ಬಾಡಿಗೆ ಎಲ್ಲ ಅದರ ಮೇಲೆ. ಹ್ಯಾಂಗರಿನಲ್ಲಿ ನಿಂತ ವಿಮಾನವನ್ನೇ ಅರ್ಧ ದಿನಕ್ಕೆ ಪಡೆಯೋಣವೆಂದು ಹೋಗಿ ನೋಡಿದರೆ, ಸಿ90ಯ ಕ್ಯಾಬಿನ್ ನಾಲ್ಕೂವರೆ ಅಡಿ ಅಗಲ, ಐದಡಿಗೂ ಕಡಿಮೆ ಎತ್ತರ. ಸ್ಟ್ರೆಚರ್, ವೈದ್ಯ, ಪ್ಯಾರಾಮೆಡಿಕ್, ಒಬ್ಬ ಸಂಬಂಧಿ ಕುಳಿತ ಮೇಲೆ ನಮ್ಮ ಛಾಯಾಗ್ರಾಹಕರ ಭುಜಕ್ಕೂ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಸೆಟ್ ಹಾಕುವುದೆಂದು ತೀರ್ಮಾನವಾಯಿತು.

ಮೊದಲ ಸೆಟ್ ಪೂರ್ತಿ ವಿಫಲವಾಯಿತು. ಕ್ಯಾಮೆರಾ ಆಡಲೆಂದು ಕಲಾ ನಿರ್ದೇಶಕರು ಆರೂಕಾಲು ಅಡಿ ಎತ್ತರ ಕೊಟ್ಟು, ಒಂದು ಬದಿಯ ಗೋಡೆಯನ್ನು ಕಳಚುವಂತೆ ಮಾಡಿದ್ದರು. ಅರುವತ್ತು ಸಾವಿರದಷ್ಟು ಖರ್ಚಾಯಿತು. ಮಾನಿಟರಿನಲ್ಲಿ ನೋಡಿದರೆ ಅದು ರಾತ್ರಿ ಹೊರಡುವ ಸ್ಲೀಪರ್ ಬಸ್ಸಿನಂತೆ ಕಾಣುತ್ತಿತ್ತು. ಕಲಾವಿದರು ನೆಟ್ಟಗೆ ನಿಂತು, ರೋಗಿಯ ಸುತ್ತ ಓಡಾಡಿ, ಕೈ ಬೀಸಿ ಮಾತನಾಡುತ್ತಿದ್ದರು. ಹಾಗೆ ನಿಲ್ಲಲು ಜಾಗವಿದ್ದರೆ ಯಾವ ನಟನೂ ಹಾಗೆಯೇ ನಿಲ್ಲುತ್ತಾನೆ. ಅದನ್ನು ಒಡೆಸಿದೆ. ನಿರ್ಮಾಪಕರು ಎರಡು ದಿನ ಮಾತನಾಡಲಿಲ್ಲ.

ಎರಡನೆಯ ಸೆಟ್ಟನ್ನು ನಿಜವಾದ ಅಳತೆಯಲ್ಲಿ, ಒಂದು ಗೋಡೆಯೂ ಕಳಚದಂತೆ ಕಟ್ಟಿಸಿದೆ. ಹಳೆಯ ಸೆಟ್ಟಿನ ಪ್ಲೈವುಡ್ಡನ್ನೇ ಕಮಾನುಗಳಾಗಿ ಕತ್ತರಿಸಿ, ಒಳಗೆ ತೆಳು ಫೋಮಿನ ಮೇಲೆ ರೆಕ್ಸಿನ್ ಎಳೆದು ಬಿಗಿದಿದ್ದರಿಂದ ಹೊಸದಾಗಿ ತಗುಲಿದ್ದು ಎಂಬತ್ತು ಸಾವಿರದೊಳಗೆ. ದೊಡ್ಡ ಕ್ಯಾಮೆರಾಗಳನ್ನು ಬದಿಗಿಟ್ಟು ಎರಡು ಮಿರರ್‌ಲೆಸ್ ಕ್ಯಾಮೆರಾ ಬಳಸಿದೆವು: ಒಂದು ಕಾಕ್‌ಪಿಟ್ ಕಡೆಯ ತೆರಪಿನಲ್ಲಿ, ಇನ್ನೊಂದು ಕಿಟಕಿಯ ಹೊರಗೆ. ಮೋಡದೊಳಗಿಂದ ಬಿಸಿಲಿಗೆ ಬಂದಾಗ ಕಿಟಕಿಯ ಬೆಳಕು ರೋಗಿಯ ಮುಖದ ಮೇಲೆ ಸರಿಯುವ ರೀತಿಯನ್ನು ಅನೇಕರು ಕೇಳಿದ್ದಾರೆ. ಎಲ್‌ಇಡಿ ಪರದೆ ಬಳಸಿಲ್ಲ ಎಂದಷ್ಟು ಹೇಳಬಲ್ಲೆ. ಉಳಿದದ್ದು ನನ್ನ ಮತ್ತು ನನ್ನ ಲೈಟ್‌ಮನ್ನರ ನಡುವೆ ಇರಲಿ. ವೈದ್ಯನ ಪಾತ್ರ ಮಾಡಿದ ಕಲಾವಿದ ಆರಡಿ ಎತ್ತರದವರು. ಅರ್ಧ ಗಂಟೆಯೊಳಗೆ ಅವರ ಬೆನ್ನು ತಾನಾಗಿ ಬಾಗಿತು, ಮೊಣಕಾಲು ಸ್ಟ್ರೆಚರಿನ ಅಂಚಿಗೆ ಒರಗಿತು, ಕೈ ಅಳತೆಯಲ್ಲಿ ಚಲಿಸತೊಡಗಿತು. ನಾನು ಒಂದು ಸೂಚನೆಯನ್ನೂ ಕೊಡಬೇಕಾಗಲಿಲ್ಲ.

ಸೆಟ್ಟಿನಷ್ಟೇ ಮುಖ್ಯವಾದದ್ದು, ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಒಬ್ಬ ಪ್ಯಾರಾಮೆಡಿಕ್‌ನನ್ನು ಕರೆತಂದು ಮಾನಿಟರಿನ ಪಕ್ಕ ಕೂರಿಸಿದ್ದು. ದಿನಕ್ಕೆ ನಾಲ್ಕೈದು ಸಾವಿರ ಕೊಟ್ಟಿರಬೇಕು. ಇಡೀ ಬಜೆಟ್ಟಿನಲ್ಲಿ ಅಷ್ಟು ಚೆನ್ನಾಗಿ ಖರ್ಚಾದ ಹಣ ಬೇರೆಯಿಲ್ಲ. ಚಿತ್ರಕಥೆ ಓದಿ ಆತ ಮೊದಲು ಹೇಳಿದ ಮಾತು, “ಸರ್, ಮೇಲೆ ಹೋದ ಮೇಲೆ ನಾವು ಮಾಡುವುದು ಕಡಿಮೆ, ನೋಡುವುದು ಹೆಚ್ಚು. ಮಾಡಬೇಕಾದದ್ದನ್ನೆಲ್ಲ ಕೆಳಗೇ ಮಾಡಿ ಮುಗಿಸಿರುತ್ತೇವೆ.” ಇದರ ಮೇಲೆ ನಾನು ಸಂಚಿಕೆಯ ರಚನೆಯನ್ನೇ ತಿರುಗಿಸಿದೆ. ಹಾರಾಟಕ್ಕೆ ಇಟ್ಟಿದ್ದ ಹದಿನೈದು ನಿಮಿಷ ಐದಕ್ಕಿಳಿಯಿತು, ಹೊರಡುವ ಮುನ್ನದ ಸಿದ್ಧತೆಗೆ ಹತ್ತು ನಿಮಿಷ ಸಿಕ್ಕಿತು.

ಸ್ಟ್ರೆಚರನ್ನು ವಿಮಾನಕ್ಕೇರಿಸುವ ದೃಶ್ಯವೊಂದನ್ನೇ ನೋಡಿ. ಬಾಗಿಲು ಎರಡೂಕಾಲು ಅಡಿ ಅಗಲವಿದೆ, ಮೆಟ್ಟಿಲು ಕಡಿದಾಗಿದೆ, ಒಳಹೊಕ್ಕ ಕೂಡಲೇ ತಿರುವು. ತಲೆಯ ಕಡೆ ನಿಂತ ಪ್ಯಾರಾಮೆಡಿಕ್‌ನ ಒಂದು ಕೈ ಉಸಿರಾಟದ ಟ್ಯೂಬನ್ನು ತುಟಿಯ ಬಳಿ ಹಿಡಿದಿರುತ್ತದೆ, ಆ ಕೈ ಬೇರೆ ಯಾವುದಕ್ಕೂ ಹೋಗುವುದಿಲ್ಲ. ಸ್ಟ್ರೆಚರ್ ಓರೆಯಾಗುವ ಮೊದಲು ಆತ ಜೋರಾಗಿ ಎಣಿಸುತ್ತಾನೆ, ಮೂರಕ್ಕೆ ಎಲ್ಲರೂ ಒಟ್ಟಿಗೆ ಎತ್ತುತ್ತಾರೆ. ಒಳಗಿಟ್ಟ ಮರುಕ್ಷಣ ಟ್ಯೂಬ್, ಡ್ರಿಪ್ ಲೈನ್, ಆಕ್ಸಿಜನ್ ನಳಿಗೆ, ಮಾನಿಟರಿನ ತಂತಿ ಎಲ್ಲವನ್ನೂ ತಲೆಯಿಂದ ಕಾಲಿನವರೆಗೆ ಬೆರಳಿನಲ್ಲಿ ಮುಟ್ಟಿ ಪರೀಕ್ಷಿಸುತ್ತಾರೆ. ಇದನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆದೆ. ಯಾರೂ ಓಡುವುದಿಲ್ಲ, ಯಾರೂ ಕೂಗುವುದಿಲ್ಲ. ಆದರೂ ಡಬ್ಬಿಂಗ್ ಕೋಣೆಯಲ್ಲಿ ಅದನ್ನು ನೋಡಿದವರು ಉಸಿರು ಬಿಗಿಹಿಡಿದಿದ್ದರು.

ಧ್ವನಿಯ ವಿಭಾಗದಲ್ಲಿ ಬಹಳ ತಿಣುಕಿದೆವು. ಹಾರಾಟದಲ್ಲಿ ಎಂಜಿನ್ನಿನ ಸದ್ದಿಗೆ ಸ್ಟೆತಾಸ್ಕೋಪಿನಿಂದ ಪ್ರಯೋಜನ ತೀರ ಕಡಿಮೆ. ವೈದ್ಯರು ಎದೆಯ ಏರಿಳಿತವನ್ನು, ಮಾನಿಟರಿನ ಮೇಲೆ ಉಸಿರಿನ ಇಂಗಾಲದ ಡೈಆಕ್ಸೈಡ್ ಬರೆಯುವ ಅಲೆಯನ್ನು ನೋಡುತ್ತಾರೆ. ಹೆಡ್‌ಸೆಟ್ ಹಾಕಿದ ಕಲಾವಿದರ ಮುಖ ಕಾಣುವುದಿಲ್ಲ ಎಂಬ ಆಕ್ಷೇಪ ವಾಹಿನಿಯಿಂದ ಬಂತು, ನಾನು ಬಿಡಲಿಲ್ಲ. ಹೆಡ್‌ಸೆಟ್ಟಿನೊಳಗಿನ ಮಾತನ್ನು ಬೇರೆಯಾಗಿ ಧ್ವನಿಮುದ್ರಿಸಿ, ಹಿನ್ನೆಲೆ ಸಂಗೀತವನ್ನು ಪೂರ್ತಿ ತೆಗೆದು, ಎಂಜಿನ್ನಿನ ಗುಂಯ್‌ಗುಡುವಿಕೆಯನ್ನಷ್ಟೇ ಉಳಿಸಿದೆವು. ಕ್ಯಾಬಿನ್ ಕಂಪಿಸಲೆಂದು ಹಳೆಯ ಮಿಕ್ಸಿ ಮೋಟಾರಿಗೆ ಒಂದು ಬದಿ ತೂಕ ಕಟ್ಟಿ ನೆಲಕ್ಕೆ ಬಿಗಿದಾಗ ಡ್ರಿಪ್ ಬಾಟಲಿ ಕುಣಿಯತೊಡಗಿತು, ಕಮಾನಿನ ಮೊಳೆಗಳು ಸಡಿಲಗೊಂಡವು. ಎಕ್ಸಾಸ್ಟ್ ಫ್ಯಾನಿನ ಮೋಟಾರಿಗೆ ರೆಗ್ಯುಲೇಟರ್ ಹಾಕಿದ ಮೇಲೆ ಹದಕ್ಕೆ ಬಂತು. ಅದನ್ನು ಎಲ್ಲಿ ಕೂರಿಸಿದೆವು ಎಂಬುದನ್ನು ಮಾತ್ರ ಕೇಳಬೇಡಿ.

ನನಗೆ ತುಂಬ ಖುಷಿ ಕೊಟ್ಟದ್ದು ಮುಳ್ಳಯ್ಯನಗಿರಿಯ ಪ್ರಯೋಗ. ಹಾರಾಟದಲ್ಲಿ ಕ್ಯಾಬಿನ್ನಿನ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ, ಆದ್ದರಿಂದ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ ಎಂದು ಪ್ಯಾರಾಮೆಡಿಕ್ ವಿವರಿಸಿದ್ದ. ಅದನ್ನು ಕಣ್ಣಾರೆ ನೋಡಬೇಕೆನಿಸಿತು. ಪಣಂಬೂರಿನ ಕಡಲ ತೀರದಲ್ಲಿ ಗಾಜಿನ ದೊಡ್ಡ ಸಿರಿಂಜಿಗೆ 40 ಮಿಲಿ ಗಾಳಿ ತುಂಬಿ ತುದಿ ಮುಚ್ಚಿ, 6,300 ಅಡಿ ಎತ್ತರದ ಮುಳ್ಳಯ್ಯನಗಿರಿಗೆ ಒಯ್ದೆವು. ಮೇಲೆ ತಲುಪಿದಾಗ ಪಿಸ್ಟನ್ 48ರ ಹತ್ತಿರ ಬಂದು ನಿಂತಿತ್ತು. ಜೊತೆಗೆ ಒಯ್ದಿದ್ದ ಉಸಿರಾಟದ ಟ್ಯೂಬಿನ ತುದಿಯ ಗಾಳಿಬುರುಡೆಯೂ ಬಿಗಿದುಕೊಂಡಿತ್ತು. ಹಾಗೆ ಬಿಗಿದರೆ ಅದು ಶ್ವಾಸನಾಳವನ್ನು ಒತ್ತುತ್ತದೆಂದು ಹಾರಾಟದಲ್ಲಿ ಅದರ ಒತ್ತಡವನ್ನು ಮತ್ತೆ ಮತ್ತೆ ಅಳೆಯುತ್ತಾರೆ. ಸಿರಿಂಜಿನ ಆ ಕ್ಲೋಸಪ್ ಪ್ರಸಾರದಲ್ಲೂ ಬಳಕೆಯಾಯಿತು.

ನಮ್ಮ ಕಥೆಯ ತಿರುವು ಹುಟ್ಟಿದ್ದು ಅದರಿಂದಲೇ. ಟ್ರ್ಯಾಕ್ಟರ್ ಮಗುಚಿ ಪಕ್ಕೆಲುಬು ಮುರಿದ ಹುಡುಗನ ಶ್ವಾಸಕೋಶದ ಹೊರಗೆ ಸ್ವಲ್ಪವೇ ಗಾಳಿ ಸೇರಿಕೊಂಡಿದೆ. ನೆಲದ ಮೇಲೆ ಅದನ್ನು ಕಾದು ನೋಡಬಹುದಿತ್ತು, ಆಕಾಶದಲ್ಲಿ ಅದೇ ಗಾಳಿ ಹಿಗ್ಗಿ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಹೊರಡುವ ಮೊದಲೇ ಎದೆಗೆ ನಳಿಗೆ ಹಾಕಬೇಕೆಂದು ವೈದ್ಯ ಪಟ್ಟು ಹಿಡಿಯುತ್ತಾನೆ. ಹುಡುಗನ ತಂದೆ ಕೈಮುಗಿದು, “ಸಾಹೇಬ್ರ, ಮೊದಲ ವಿಮಾನ ಹೊಂಡಸ್ರಿ, ಉಳದದ್ದು ಆಮ್ಯಾಲ ನೋಡ್ರಿ” ಎನ್ನುತ್ತಾನೆ. “ಯಜಮಾನ್ರೇ, ಈಗ ಇಪ್ಪತ್ತು ನಿಮಿಷ ಕೊಡಿ, ಮೇಲೆ ನನಗೆ ಕೈಯಾಡಿಸಲೂ ಜಾಗ ಇರುವುದಿಲ್ಲ” ಎಂದು ವೈದ್ಯ ಕೈಗವಸು ಹಾಕಿಕೊಳ್ಳುತ್ತಾನೆ. ಅತ್ತ ಪ್ಯಾರಾಮೆಡಿಕ್ ಅಂಗೈ ಮೇಲೆ ಪೆನ್ನಿನಲ್ಲಿ ಆಕ್ಸಿಜನ್ ಲೆಕ್ಕ ಬರೆಯುತ್ತಿರುತ್ತಾನೆ: ನಿಮಿಷಕ್ಕೆ ಹತ್ತು ಲೀಟರ್, ಹಾಸಿಗೆಯಿಂದ ಹಾಸಿಗೆಗೆ ನಾಲ್ಕು ಗಂಟೆ, ಒಟ್ಟು 2,400 ಲೀಟರ್, ಅದರ ಮೇಲೆ ಅರ್ಧದಷ್ಟು ಹೆಚ್ಚುವರಿ. ವಾಹಿನಿಯವರು ತೆಗೆದುಹಾಕಿ ಎಂದಿದ್ದ ಈ ಭಾಗಕ್ಕೇ ಪ್ರೇಕ್ಷಕರಿಂದ ಅತಿ ಹೆಚ್ಚು ಪ್ರತಿಕ್ರಿಯೆ ಬಂತು.

ಹಾರಾಟದಲ್ಲಿ ಹೃದಯ ನಿಂತು ಶಾಕ್ ಕೊಟ್ಟು ಬದುಕಿಸುವ ದೃಶ್ಯ ಬೇಕೇ ಬೇಕು ಎಂಬ ಒತ್ತಾಯ ಕೊನೆಯವರೆಗೂ ಇತ್ತು. ಅಮೆರಿಕದ ಟಿವಿ ಕಾರ್ಯಕ್ರಮಗಳನ್ನು ಪರಿಶೀಲಿಸಿ 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೆರೆಯ ಮೇಲೆ ಎದೆ ಒತ್ತಿಸಿಕೊಂಡವರಲ್ಲಿ ಶೇ. 67ರಷ್ಟು ಜನ ಬದುಕಿ ಮನೆಗೆ ಹೋಗುವಂತೆ ತೋರಿಸಲಾಗಿತ್ತು; ನಿಜ ಜೀವನದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಮಾನಿಟರಿನಲ್ಲಿ ನೇರ ಗೆರೆ ಬಂದವರಿಗೆ ಶಾಕ್ ಕೊಡುವುದೂ ಇಲ್ಲ. ಐಸಿಯು ಹೊರಗೆ ಕಾಯುತ್ತಿರುವ ಕುಟುಂಬಗಳು ನಮ್ಮ ಧಾರಾವಾಹಿ ನೋಡುತ್ತವೆ, ಅವರಿಗೆ ಸುಳ್ಳು ಭರವಸೆ ಕೊಡಲು ನಾನು ಸಿದ್ಧನಿಲ್ಲ ಎಂದು ಸಭೆಯಲ್ಲಿ ಹೇಳಿದೆ. ಪೈಲಟ್ ಅಳುವ ದೃಶ್ಯವನ್ನೂ ಕೈಬಿಟ್ಟೆ. ಹವಾಮಾನ ನೋಡಿ ಹಾರುವ ತೀರ್ಮಾನ ಮಾಡುವಾಗ ಮನಸ್ಸು ವಾಲದಿರಲೆಂದು ಅಮೆರಿಕದ ಕೆಲವು ಹೆಲಿಕಾಪ್ಟರ್ ಸೇವೆಗಳಲ್ಲಿ ರೋಗಿಯ ಸ್ಥಿತಿಯನ್ನು ಪೈಲಟ್‌ಗೆ ಮೊದಲೇ ಹೇಳುವುದಿಲ್ಲ. ನಮ್ಮ ಪೈಲಟ್ ಪಾತ್ರವನ್ನೂ ಹಾಗೆಯೇ ಬರೆಸಿದೆ.

ಸೆಟ್ ಈಗ ನಾಲ್ಕು ತುಂಡುಗಳಾಗಿ ಅದೇ ಶೆಡ್ಡಿನಲ್ಲಿದೆ, ಈಗಾಗಲೇ ಬೇರೆ ಎರಡು ಯೂನಿಟ್‌ಗಳು ಬಾಡಿಗೆಗೆ ಪಡೆದಿವೆ. ದಿನಕ್ಕೆ ಎಂಟು ಸಾವಿರ, ಜೋಡಿಸುವ ಬಡಗಿಯ ಕೂಲಿ ಪ್ರತ್ಯೇಕ. ಗೋಡೆ ಕತ್ತರಿಸಿಕೊಳ್ಳುತ್ತೇವೆ ಎನ್ನುವವರಿಗೆ ಕೊಡುವುದಿಲ್ಲ, ಪ್ಯಾರಾಮೆಡಿಕ್ ಇಲ್ಲದೆ ಬರುವವರಿಗೂ ಕೊಡುವುದಿಲ್ಲ.