ಕಾರಿನ ಆಟೋ ಎಸಿಗೆ ಬಿಸಿಲೇ ಕಾಣುತ್ತಿರಲಿಲ್ಲ: ನಾನೇ ತಪ್ಪು ಹುಡುಕಿದ ಅನುಭವ

ನನ್ನ ಕಾರಿನದು ಆಟೋ ಎಸಿ, ಅಂದರೆ ಫ್ಯಾನನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಎಸಿ. 24 ಡಿಗ್ರಿಗೆ ಇಟ್ಟರೆ ಬೆಳಿಗ್ಗೆ ಸರಿ, ರಾತ್ರಿಯೂ ಸರಿ. ಮಧ್ಯಾಹ್ನ ಮಾತ್ರ ಆಗುತ್ತಿರಲಿಲ್ಲ. ಮುಂದಿನ ಗಾಜಿನಿಂದ ಬಿಸಿಲು ನೇರ ಎದೆಗೆ ಬಡಿಯುತ್ತಿದ್ದರೂ ಫ್ಯಾನ್ ಮೆಲ್ಲಗೆ ತಿರುಗುತ್ತಿತ್ತು, ಪ್ರತಿ ಸಲ ನಾನೇ 20ಕ್ಕೆ ಇಳಿಸಬೇಕಿತ್ತು. ಗ್ಯಾಸ್ ಕಡಿಮೆ ಆಗಿದೆ, ತುಂಬಿಸಿ ಅಂತ ಎಲ್ಲರೂ ಹೇಳಿದರು. ಆದರೆ 20ಕ್ಕೆ ಇಳಿಸಿದ ಕೂಡಲೇ ಅದೇ ಬಿಸಿಲಲ್ಲಿ ಗಾಳಿ ಕೊರೆಯುವಷ್ಟು ತಣ್ಣಗೆ ಬರುತ್ತಿತ್ತು. ಗ್ಯಾಸ್ ಇಲ್ಲದಿದ್ದರೆ ಹಾಗೆ ಬರೋದಿಲ್ಲ ಅಲ್ವಾ? ಹಾಗಾಗಿ ನನ್ನ ಅನುಮಾನ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬುಡದಲ್ಲಿ ಕೂತಿರುವ ಆ ಪುಟ್ಟ ಕಪ್ಪು ಗುಬುಟಿನ ಮೇಲೆ ಹೋಯಿತು. ಅದೇ ಸನ್‌ಲೈಟ್ ಸೆನ್ಸರ್.

ಕಾರಿನೊಳಗಿನ ಟೆಂಪರೇಚರ್ ಸೆನ್ಸರ್‌ಗೆ ಗಾಳಿಯ ಬಿಸಿ ಮಾತ್ರ ಗೊತ್ತಾಗುತ್ತದೆ. ನಮ್ಮ ಮೈ ಮೇಲೆ ಬಿಸಿಲು ಬೀಳುತ್ತಿದೆ ಅಂತ ಹೇಳುವುದು ಈ ಗುಬುಟು. ಅದರೊಳಗೆ ಇರುವುದು ಒಂದು ಫೋಟೋಡಯೋಡ್. ನನ್ನ ಕಾರಿನಲ್ಲಿ ಎಸಿ ನಡೆಸುವ ಕಂಟ್ರೋಲ್ ಯೂನಿಟ್ ಒಂದು ರೆಸಿಸ್ಟರ್ ಮೂಲಕ ಇದಕ್ಕೆ 5 ವೋಲ್ಟ್ ಕಳಿಸುತ್ತದೆ. ಬೆಳಕು ಜಾಸ್ತಿ ಆದಷ್ಟೂ ಡಯೋಡ್ ಹೆಚ್ಚು ಕರೆಂಟ್ ಬಿಡುತ್ತದೆ, ವೋಲ್ಟೇಜ್ ಇಳಿಯುತ್ತದೆ. ಅಂದರೆ ವೈರ್ ಕಿತ್ತುಹೋದರೆ ವೋಲ್ಟೇಜ್ ಇಳಿಯುವುದೇ ಇಲ್ಲ, ಎಸಿ ಪಾಲಿಗೆ ಹಗಲೆಲ್ಲಾ ರಾತ್ರಿಯೇ.

ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದೆ. ಇದೇ ಸನ್‌ಲೈಟ್ ಸೆನ್ಸರಿನ ದೋಷದ ಕೋಡ್ ಬಂತು. ಆದರೆ ಕಾರು ಶೆಡ್ ಒಳಗಿತ್ತು, ಕೆಲವು ಕಾರುಗಳಲ್ಲಿ ಕತ್ತಲಲ್ಲಿ ನೋಡಿದರೆ ಸೆನ್ಸರ್ ಚೆನ್ನಾಗಿದ್ದರೂ ಇದೇ ಕೋಡ್ ಬರುತ್ತದೆ. ಅದಕ್ಕೇ ಕೋಡ್ ಅಳಿಸಿ, ಕಾರನ್ನು ಬಿಸಿಲಿಗೆ ತಂದು ಲೈವ್ ಡೇಟಾ ನೋಡಿದೆ. 4.9 ವೋಲ್ಟ್. ಸೆನ್ಸರ್ ಮೇಲೆ ದಪ್ಪ ಬಟ್ಟೆ ಮುಚ್ಚಿದೆ, ಆಗಲೂ 4.9.

ಪ್ಲಾಸ್ಟಿಕ್ ಪಟ್ಟಿಗೆ ಬಟ್ಟೆ ಸುತ್ತಿ ಗುಬುಟನ್ನು ಮೇಲೆತ್ತಿದೆ. ಇಲ್ಲಿ ಒಂದು ಮಾತು: ಕನೆಕ್ಟರ್ ಬಿಚ್ಚುವ ಮುಂಚೆ ಅದಕ್ಕೊಂದು ದಾರ ಕಟ್ಟಿ. ವೈರ್ ಗಿಡ್ಡ ಇರುತ್ತದೆ, ಕೈ ಜಾರಿದರೆ ಡ್ಯಾಶ್‌ಬೋರ್ಡ್ ಒಳಗೆ ಬಿದ್ದು ಹೋಗುತ್ತದೆ.

ಸೆನ್ಸರನ್ನು ಮನೆಯೊಳಗೆ ತಂದು, ಕರೆಂಟ್, ವೋಲ್ಟೇಜ್ ಅಳೆಯುವ ಮೀಟರನ್ನು ಮೈಕ್ರೋಆಂಪಿಯರ್‌ಗೆ ಇಟ್ಟು, ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಏನೂ ಇಲ್ಲ. ಮೊಬೈಲ್ ಟಾರ್ಚ್ ಬಿಟ್ಟರೂ ಹೆಚ್ಚು ಕಡಿಮೆ ಸೊನ್ನೆ. ಸೆನ್ಸರ್ ಸತ್ತಿದೆ ಅಂತ ತೀರ್ಮಾನಿಸಿ, ಖಾತ್ರಿಗೆ ಗೆಳೆಯನ ಅದೇ ಮಾಡೆಲ್ ಕಾರಿನ ಸೆನ್ಸರ್ ಕೇಳಿ ತಂದೆ, ಅವನ ಎಸಿ ಯಾವ ತೊಂದರೆಯೂ ಇಲ್ಲದೆ ಓಡುತ್ತಿತ್ತು, ಆದರೂ ಟಾರ್ಚ್ ಕೆಳಗೆ ಅದೂ ಸೊನ್ನೆಯನ್ನೇ ತೋರಿಸಿತು. ಆಗ ಹೊಳೆಯಿತು. ಈ ಕಪ್ಪು ಮುಚ್ಚಳ ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ತಡೆದು ಇನ್‌ಫ್ರಾರೆಡ್ ಒಳಗೆ ಬಿಡುತ್ತದೆ. ಟ್ಯೂಬ್‌ಲೈಟ್, ಎಲ್‌ಇಡಿಗಳಲ್ಲಿ ಇನ್‌ಫ್ರಾರೆಡ್ ತೀರಾ ಕಮ್ಮಿ. ಬಿಸಿಲಲ್ಲಿ ಬೇಕಾದಷ್ಟಿದೆ, ಹಳೇ ಕಾಲದ ತಂತಿ ಬಲ್ಬಿನಲ್ಲೂ ಇದೆ. ಎರಡೂ ಸೆನ್ಸರ್ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. ಮೀಟರ್ ಎರಡಕ್ಕೂ ಒಂದೇ ರೀತಿ ಜಿಗಿಯಿತು. ಹೆಬ್ಬೆರಳು ಮುಚ್ಚಿದರೆ ಬಿತ್ತು, ತೆಗೆದರೆ ಮತ್ತೆ ಎದ್ದಿತು. ನನ್ನ ಸೆನ್ಸರ್ ಗಟ್ಟಿಯಾಗಿತ್ತು!

ಉಳಿದದ್ದು ವೈರಿಂಗ್. ಮೀಟರಿನ ಕಪ್ಪು ತುದಿಯನ್ನು ಬಾಡಿಯ ಬೋಲ್ಟಿಗೆ, ಕೆಂಪು ತುದಿಯನ್ನು ಕನೆಕ್ಟರ್ ಪಿನ್ನಿಗೆ ಇಟ್ಟೆ. 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ವೈರಿಂಗ್ ಚೆನ್ನಾಗಿದೆ ಅಂದುಕೊಂಡು ಸುಮ್ನೆ ಕಂಟ್ರೋಲ್ ಯೂನಿಟ್ ಬಿಚ್ಚುತ್ತಿದ್ದೆ. ಕಪ್ಪು ತುದಿಯನ್ನು ಪಕ್ಕದ ಪಿನ್ನಿಗೆ ಹಾಕಿ ನೋಡಿದೆ. ಸೊನ್ನೆ. ಸೆನ್ಸರಿನ ಅರ್ಥ್ ವೈರ್ ಎಲ್ಲೋ ಕಡಿದಿತ್ತು. ಕಾರಿನ ಬಾಡಿಗೆ ಅರ್ಥ್ ಇದೆ ಅಂದ ಮಾತ್ರಕ್ಕೆ ಸೆನ್ಸರಿಗೂ ಇದೆ ಅಂತ ಅಲ್ಲ, ಅಳೆಯುವುದಾದರೆ ಅದರದೇ ಎರಡು ಪಿನ್ ನಡುವೆ ಅಳೆಯಬೇಕು.

ಕನೆಕ್ಟರ್ ಹಿಂದಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಂದು ಬಿಗಿಯಾಗಿ ನಿಂತಿತು. ಇನ್ನೊಂದು ರಬ್ಬರಿನ ಹಾಗೆ ಉದ್ದವಾಯಿತು. ಹೊರಗಿನ ಪ್ಲಾಸ್ಟಿಕ್ ಪೂರ್ತಿ ಇದೆ, ಒಳಗಿನ ತಾಮ್ರ ಕಡಿದಿದೆ. ಕೆಲವು ತಿಂಗಳ ಹಿಂದೆ ಮುಂದಿನ ಗಾಜು ಬದಲಾಯಿಸಿದ್ದೆವು, ಆಗ ಸೆನ್ಸರನ್ನು ಎಳೆದು ತೆಗೆದಿರಬೇಕು. ತುದಿ ಕತ್ತರಿಸಿ, ಒಂದಿಷ್ಟು ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ, ಮೇಲೆ ಶ್ರಿಂಕ್ ಟ್ಯೂಬ್ ಏರಿಸಿದೆ. ಈ ಸಲ ವೈರ್ ಸ್ವಲ್ಪ ಸಡಿಲವೇ ಬಿಟ್ಟೆ.

ಈಗ ಬಟ್ಟೆ ಮುಚ್ಚಿದರೆ 4.8, ತೆಗೆದರೆ 2ರ ಹತ್ತಿರ. ಫ್ಯಾನ್ ಮಾತ್ರ ಕೂಡಲೇ ಏರಲಿಲ್ಲ, ನೋಡಿ ಒಂದು ಕ್ಷಣ ಗಾಬರಿ ಆಯಿತು. ಆದರೆ ಅದು ಹಾಗೆಯೇ ಇರಬೇಕು. ಮರದ ನೆರಳು ಬಂದು ಹೋದಾಗೆಲ್ಲಾ ಫ್ಯಾನ್ ಕುಣಿಯದಿರಲಿ ಅಂತ ಕಂಟ್ರೋಲ್ ಯೂನಿಟ್ ಸ್ವಲ್ಪ ಕಾದು ನೋಡುತ್ತದೆ. ಮಾರನೇ ದಿನ ಮಧ್ಯಾಹ್ನ ಸಾಲುಮರಗಳನ್ನು ದಾಟಿ ಬಯಲಿಗೆ ಬಂದೆ. ಸ್ವಲ್ಪ ಹೊತ್ತಿಗೆ, ನಾನು ಏನನ್ನೂ ಮುಟ್ಟದೆ, ಫ್ಯಾನಿನ ಸದ್ದು ತಾನಾಗಿಯೇ ಜೋರಾಯಿತು.